ನೆರಳಿನ ಗಿಡಕ್ಕೆ ಕತ್ತರಿ ಏಕೆ?

"ಚಿಗುರಲಿ ಎಂದು ಕತ್ತರಿಸಿದೆ" ಎಂದು ಯಾರಾದರೂ ಅಂದೊಡನೆ ಆ ಗಿಡದ ಗತಿ ನನಗೆ ಅರ್ಥವಾಗುತ್ತದೆ. ಮುಂಬಯಿಯ ಫ್ಲ್ಯಾಟುಗಳಲ್ಲಿ ಬಾಲ್ಕನಿ ತೋಟ ಮಾಡಿಕೊಡುವುದು ನನ್ನ ಕಸುಬು. ನೀರು, ಗೊಬ್ಬರದ ವಿಷಯದಲ್ಲಿ ಜನ ಹೇಳಿದರೆ ಕೇಳುತ್ತಾರೆ. ಕತ್ತರಿಯನ್ನು ಮಾತ್ರ ಕೆಳಗಿಡುವುದಿಲ್ಲ.

ಬ್ರಿಟನ್ನಿನ ಸಸ್ಯವಿಜ್ಞಾನಿ ಫಿಲಿಪ್ ಗ್ರೈಮ್ 1977ರ ಪ್ರಬಂಧವೊಂದರಲ್ಲಿ ಗಿಡಗಳ ಸಂಕಷ್ಟವನ್ನು ಎರಡಾಗಿ ನೋಡಿದರು. ಬೆಳಕು, ನೀರು, ಪೋಷಕಾಂಶ ಸಾಲದೆ ಬೆಳವಣಿಗೆಯೇ ಕುಂಠಿತವಾಗುವುದು ಒತ್ತಡ. ಬೆಳೆದದ್ದು ದನದ ಬಾಯಿಗೋ ಬೆಂಕಿಗೋ ಕುಡುಗೋಲಿಗೋ ಹೋಗುವುದು ಹಾನಿ. ಹಾನಿ ಹೆಚ್ಚಿರುವಲ್ಲಿ ಬೇಗ ಬೆಳೆದು ಬೇಗ ಬೀಜ ಚೆಲ್ಲುವ ಕಳೆಗಳು ಗೆಲ್ಲುತ್ತವೆ. ಒತ್ತಡ ಹೆಚ್ಚಿರುವಲ್ಲಿ ನಿಧಾನವಾಗಿ ಬೆಳೆದು, ಇರುವ ಎಲೆಯನ್ನೇ ಬಹುಕಾಲ ಕಾಪಾಡಿಕೊಳ್ಳುವ ಗಿಡಗಳು. ಎರಡೂ ಕಡಿಮೆಯಿದ್ದರೆ ಪೈಪೋಟಿಗೆ ಬಿದ್ದು ಬೆಳೆಯುವಂಥವು. ಎರಡೂ ವಿಪರೀತವಾದರೆ ಯಾವ ಉಪಾಯವೂ ನಡೆಯುವುದಿಲ್ಲ ಎಂದರು ಗ್ರೈಮ್. ನಮ್ಮವರು ಬಾಲ್ಕನಿಯಲ್ಲಿ ನೆರಳಿನ ಒತ್ತಡಕ್ಕೆ ಕತ್ತರಿಯ ಹಾನಿಯನ್ನೂ ಸೇರಿಸಿ ಆ ನಾಲ್ಕನೆಯ ಸ್ಥಿತಿಯನ್ನೇ ಕಷ್ಟಪಟ್ಟು ಸೃಷ್ಟಿಸುತ್ತಾರೆ.

ಮುಲುಂಡಿನಲ್ಲಿ ಒಬ್ಬ ಅಮ್ಮನವರು ಊರಿನಿಂದ ಮಲ್ಲಿಗೆ ತಂದು ನೆಟ್ಟಿದ್ದಾರೆ. ಎದುರಿಗೆ ಟವರ್ ಎದ್ದ ಮೇಲೆ ಬಿಸಿಲು ಇಣುಕುವುದೇ ಅಪರೂಪ. ಹೂವಿಲ್ಲವೆಂದು ಗಿಡವನ್ನು ಕತ್ತರಿಯಿಂದ ಸವರಿದರು. "ಶಂಕರಪುರದಲ್ಲಿ ಸವರುತ್ತಾರಲ್ಲ ಮಾರಾಯರೇ!" ಸವರುತ್ತಾರೆ ಅಮ್ಮ, ಉಡುಪಿ ಬಳಿಯ ಆ ಮಲ್ಲಿಗೆಯೂರಿನ ಬಯಲಿನ ಬಿಸಿಲಿನಲ್ಲಿ.

ಚಿಗುರು ಸುಮ್ಮನೆ ಬರುವುದಿಲ್ಲ. ಬೇರು, ಕಾಂಡಗಳಲ್ಲಿ ಕೂಡಿಟ್ಟ ಪಿಷ್ಟವನ್ನು ಕರಗಿಸಿ ಗಿಡ ಹೊಸ ಎಲೆ ಕಟ್ಟುತ್ತದೆ. ಬಿಸಿಲಿದ್ದರೆ ಆ ಎಲೆಗಳೇ ಸಾಲ ತೀರಿಸಿ ಮತ್ತೆ ಉಳಿತಾಯ ಮಾಡುತ್ತವೆ. ನೆರಳಿನಲ್ಲಿ ಸಾಲ ತೀರದು. ಆದರೆ ಮೊದಲ ಬಾರಿ ಕತ್ತರಿಸಿದಾಗ ಹಳೆಯ ಉಳಿತಾಯದಿಂದ ಚಿಗುರು ಬಂದೇ ಬರುತ್ತದೆ. ಮೋಸ ಹೋಗುವುದು ಅಲ್ಲೇ. ಮದ್ದು ಫಲಿಸಿತೆಂದು ಮತ್ತೆ ಸವರುತ್ತಾರೆ. ಈ ಸಲ ಎಲೆ ಬಿಳಿಚಿ, ಗೆಣ್ಣಿನ ಅಂತರ ಉದ್ದವಾಗುತ್ತದೆ. ಆಮೇಲೆ ಬರೀ ಕಡ್ಡಿ.

"ಸೊಸೈಟಿಯ ಗೋಡೆಯ ಅರಳಿಯನ್ನು ವರ್ಷವರ್ಷವೂ ಕಡಿಯುತ್ತಾರೆ, ಅದು ಸಾಯುತ್ತದೆಯೇ?" ಎಂಬ ವಾದವೂ ಇದೆ. ಒಳ್ಳೆಯ ವಾದವೇ, ಒಪ್ಪುತ್ತೇನೆ. ಆ ಅರಳಿಗೆ ದಿನವಿಡೀ ಬಿಸಿಲು, ಸೋರುವ ಪೈಪಿನ ನೀರು. ಬೇರೋ ಗೋಡೆಯೊಳಗೆ ಭದ್ರ. ಅದಕ್ಕಿರುವುದು ಹಾನಿಯೊಂದೇ, ಒತ್ತಡವಿಲ್ಲ.

ಗಿಡ ಸೊರಗಲು ಬೇರುಕೊಳೆ, ಹುಳುಗಳೂ ಕಾರಣವಾಗಬಹುದು. ಕುಂಡ ನೋಡದೆ ಖಚಿತವಾಗಿ ಹೇಳಲಾರೆ. ಆದರೂ ಮೊದಲು ಕುಂಡವನ್ನು ಬಿಸಿಲಿಗೆ ಸರಿಸಿ. ಹೊಸ ಎಲೆ ಬಲಿತ ಮೇಲೆ ಒಣಗಿದ ಕೊಂಬೆ ಮಾತ್ರ ತೆಗೆಯಿರಿ. ಬಿಸಿಲೇ ಬಾರದ ಬಾಲ್ಕನಿಯಾದರೆ ಮಲ್ಲಿಗೆಯ ಆಸೆ ಬಿಟ್ಟು, ನೆರಳು ತಾಳುವ, ಕತ್ತಿಯಂಥ ಎಲೆಯ ಸ್ನೇಕ್ ಪ್ಲಾಂಟ್ ಇಡಿ. ಅಮ್ಮನವರಿಗೂ ಅದನ್ನೇ ಹೇಳಿದೆ. "ಅದರ ಹೂವು ಮುಡಿಯಲು ಬರುತ್ತದೆಯೇ?" ಎಂದು ಕೇಳಿದರು.