ಎಫ್-2 ಬೇಕೋ ಜೆ-2 ಬೇಕೋ: ಐ-20 ಬರುವ ಮುಂಚೆಯೇ ತೀರ್ಮಾನಿಸಿ

ಅಮೆರಿಕದಲ್ಲಿ ಸೀಟು ಸಿಕ್ಕಿ, ಐ-20 (ಎಫ್-1 ವಿದ್ಯಾರ್ಥಿ ವೀಸಾಕ್ಕೆ ವಿಶ್ವವಿದ್ಯಾಲಯ ಕೊಡುವ ಅರ್ಹತಾ ಪತ್ರ) ಬಂದು, ವೀಸಾನೂ ಆದಮೇಲೆ ಬಹಳ ಜನ ಕೇಳುವ ಪ್ರಶ್ನೆ ಒಂದೇ: ಹೆಂಡತಿಯನ್ನು (ಅಥವಾ ಗಂಡನನ್ನು) ಕರೆದುಕೊಂಡು ಹೋದರೆ ಅಲ್ಲಿ ಕೆಲಸ ಮಾಡಬಹುದಾ? ಕರೆದುಕೊಂಡು ಹೋಗುವುದಕ್ಕೆ ಅಡ್ಡಿಯಿಲ್ಲ. ಕೆಲಸದ ವಿಷಯ ಮಾತ್ರ ಅಷ್ಟರಲ್ಲಿ ಕೈಮೀರಿರುತ್ತದೆ, ಏಕೆಂದರೆ ವಿದ್ಯಾರ್ಥಿಯ ವೀಸಾ ಯಾವುದು ಎಂಬುದರ ಮೇಲೆಯೇ ಅದು ನಿಂತಿದೆ.

ಐ-20 ಹಿಡಿದು ಎಫ್-1 ವೀಸಾದಲ್ಲಿ ಹೋದವರ ಸಂಗಾತಿಗೂ 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೂ ಸಿಗುವುದು ಎಫ್-2. ಇದರಲ್ಲಿ ಸಂಬಳದ ಕೆಲಸ ಯಾವ ರೂಪದಲ್ಲೂ ಇಲ್ಲ, ಕ್ಯಾಂಪಸ್ ಒಳಗೂ ಇಲ್ಲ. ಮಕ್ಕಳು ಶಾಲೆಗೆ ಪೂರ್ಣಾವಧಿ ಹೋಗಬಹುದು. ಸಂಗಾತಿ 2015ರಿಂದೀಚೆಗೆ ಮಾನ್ಯತೆ ಪಡೆದ ಕಾಲೇಜಿನಲ್ಲಿ ಅರೆಕಾಲಿಕವಾಗಿ ಓದಬಹುದು. ಪೂರ್ಣಾವಧಿ ಡಿಗ್ರಿ ಮಾಡಬೇಕೆಂದರೆ ಅವರೇ ಎಫ್-1ಕ್ಕೆ ಬದಲಾಗಬೇಕು.

ಐ-20ಯ ಬದಲು ಡಿಎಸ್-2019 ಎಂಬ ಪತ್ರದ ಮೇಲೆ ಜೆ-1 (ವಿನಿಮಯ ಕಾರ್ಯಕ್ರಮದ) ವೀಸಾದಲ್ಲಿ ಹೋದವರ ಕುಟುಂಬಕ್ಕೆ ಸಿಗುವ ಜೆ-2ರ ಕಥೆಯೇ ಬೇರೆ. ಅಮೆರಿಕ ತಲುಪಿದ ಮೇಲೆ ಸಂಗಾತಿ ಕೆಲಸದ ಅನುಮತಿ ಕೇಳುವ ಐ-765 ಅರ್ಜಿ ಹಾಕಿ, ಇಎಡಿ ಎಂಬ ಅನುಮತಿ ಕಾರ್ಡು ಕೈಗೆ ಬಂದ ದಿನದಿಂದ ಕೆಲಸಕ್ಕೆ ಸೇರಬಹುದು. ಆದರೆ ಆ ಸಂಬಳ ಜೆ-1 ವಿದ್ಯಾರ್ಥಿಯ ಖರ್ಚಿಗೆ ಎಂದಿರಬಾರದು. ಅರ್ಜಿಯ ಜೊತೆಗಿಡುವ ಪತ್ರದಲ್ಲಿ ಹಲವರು ಎಡವುವುದು ಇಲ್ಲೇ: "ಯಜಮಾನರ ಸ್ಟೈಪೆಂಡ್ ಸಾಲುತ್ತಿಲ್ಲ" ಎಂದು ನಿಜ ಹೇಳಲು ಹೋಗಿ ಅರ್ಜಿಯನ್ನೇ ಕೆಡಿಸಿಕೊಳ್ಳುತ್ತಾರೆ. ವಿದ್ಯಾರ್ಥಿಯ ಖರ್ಚಿಗೆ ಸ್ಟೈಪೆಂಡ್ ಸಾಕು ಎಂದು ಲೆಕ್ಕ ತೋರಿಸಿ, ಸಂಗಾತಿಯ ದುಡಿಮೆ ಪ್ರವಾಸ, ಮಕ್ಕಳ ಚಟುವಟಿಕೆಯಂಥ ಹೆಚ್ಚಿನ ಖರ್ಚಿಗೆ ಎಂದು ತೋರಿಸುವಂತಿದ್ದರೆ ಮಾತ್ರ ಅರ್ಜಿ ನಿಲ್ಲುತ್ತದೆ.

ಹಾಗಾದರೆ ಎಲ್ಲರೂ ಜೆ-1 ಕೇಳಬಹುದಲ್ಲ? ಆಗದು. ಖರ್ಚಿನ ಗಣನೀಯ ಭಾಗ ಸ್ವಂತ ಅಥವಾ ಮನೆಯವರ ದುಡ್ಡಲ್ಲದೆ ಬೇರೆಡೆಯಿಂದ ಬರಬೇಕು: ವಿಶ್ವವಿದ್ಯಾಲಯದ ಅಸಿಸ್ಟೆಂಟ್‌ಶಿಪ್, ಫೆಲೋಶಿಪ್, ಸರ್ಕಾರದ ವಿದ್ಯಾರ್ಥಿವೇತನ. ಬ್ಯಾಂಕ್ ಸಾಲದಲ್ಲಿ ಎಂಎಸ್ ಮಾಡುವವರಿಗೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದೇ. ಸ್ಟೈಪೆಂಡ್ ಸಿಗುವ ಪಿಎಚ್‌ಡಿ ವಿದ್ಯಾರ್ಥಿಗಳು ಮಾತ್ರ ಕೇಳದೇ ಬಿಡಬಾರದು. ಎಷ್ಟೋ ಕಡೆ ಕೇಳದಿದ್ದರೆ ಐ-20ಯನ್ನೇ ಕಳಿಸಿಬಿಡುತ್ತಾರೆ.

ಜೆ-1ಕ್ಕೆ ತೆರುವ ಬೆಲೆಯೂ ಇದೆ. ಎಫ್-1ನಲ್ಲಿ ಓದು ಮುಗಿದ ಮೇಲೆ 12 ತಿಂಗಳ ಓಪಿಟಿ (ಓದಿದ ಕ್ಷೇತ್ರದಲ್ಲಿ ಕೆಲಸ ಮಾಡುವ ಅನುಮತಿ), ವಿಜ್ಞಾನ-ಎಂಜಿನಿಯರಿಂಗ್ ಪದವಿಯಾದರೆ ಮೇಲೆ 24 ತಿಂಗಳು. ಜೆ-1ನಲ್ಲಿ ಅದರ ಜಾಗದಲ್ಲಿರುವ ಅಕಾಡೆಮಿಕ್ ಟ್ರೈನಿಂಗ್ ಸಾಮಾನ್ಯವಾಗಿ 18 ತಿಂಗಳು, ಪಿಎಚ್‌ಡಿ ನಂತರದ ಪೋಸ್ಟ್‌ಡಾಕ್‌ಗೆ 36ರವರೆಗೆ. ಜೆ-1 ಮುಗಿಸಿದ ಕೆಲವರು ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬ ನಿಯಮದ ಹೆದರಿಕೆ ಈಗ ಕಡಿಮೆಯಾಗಿದೆ. ಯಾವ ದೇಶದ ಯಾವ ವಿದ್ಯೆಯವರಿಗೆ ಆ ನಿಯಮ ತಗಲುತ್ತದೆ ಎಂದು ಹೇಳುವ, 2024ರ ಡಿಸೆಂಬರ್ 9ರಿಂದ ಜಾರಿಗೆ ಬಂದ ಕೌಶಲ ಪಟ್ಟಿಯಲ್ಲಿ ಭಾರತವಿಲ್ಲ. ಆದರೆ ಭಾರತ ಅಥವಾ ಅಮೆರಿಕ ಸರ್ಕಾರದ ಹಣದಲ್ಲಿ ಹೋದವರಿಗೆ ಆ ನಿಯಮ ಈಗಲೂ ಅಂಟುತ್ತದೆ, ಜೆ-2ರಲ್ಲಿರುವವರನ್ನೂ ಬಿಡುವುದಿಲ್ಲ. ಜೊತೆಗೆ ಇಡೀ ಕುಟುಂಬಕ್ಕೆ ಆರೋಗ್ಯ ವಿಮೆ ಕಡ್ಡಾಯ: ಒಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1 ಲಕ್ಷ ಡಾಲರ್, ಡಿಡಕ್ಟಿಬಲ್ (ವಿಮೆಗಿಂತ ಮೊದಲು ನಾವೇ ಕಟ್ಟುವ ಪಾಲು) 500 ಡಾಲರ್ ಮೀರುವಂತಿಲ್ಲ. ನನ್ನ ಲೆಕ್ಕದಲ್ಲಿ, ಸಂಗಾತಿಗೆ ಅಲ್ಲಿ ದುಡಿಯುವ ವಿದ್ಯೆ ಇದ್ದು, ಪಿಎಚ್‌ಡಿ ಐದು ವರ್ಷ ಹಿಡಿಯುವುದಾದರೆ ಜೆ-1 ಲಾಭವೇ.

ಇನ್ನು ಕಾಗದಪತ್ರ. ಕುಟುಂಬದ ಪ್ರತಿಯೊಬ್ಬರಿಗೂ ಅವರದೇ ಹೆಸರಿನ ಐ-20 ಅಥವಾ ಡಿಎಸ್-2019 ಬೇಕು. ಅದಕ್ಕೆ ವಿಶ್ವವಿದ್ಯಾಲಯ ತಲೆಗಿಷ್ಟು ಎಂದು ನಿಗದಿ ಮಾಡಿದ ಹೆಚ್ಚುವರಿ ಹಣ ತೋರಿಸಬೇಕು. ಶಿಕ್ಷಣ ಸಾಲ ಸಾಮಾನ್ಯವಾಗಿ ವಿದ್ಯಾರ್ಥಿಯ ಖರ್ಚಿಗಷ್ಟೇ ಮಂಜೂರಾಗಿರುತ್ತದೆ, ಆದ್ದರಿಂದ ಇದು ಬೇರೆಯೇ ದುಡ್ಡು. ಸೆವಿಸ್ (ಅಮೆರಿಕ ಸರ್ಕಾರದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ಶುಲ್ಕ ವಿದ್ಯಾರ್ಥಿಗೆ ಮಾತ್ರ. ಡಿಎಸ್-160 (ಆನ್‌ಲೈನ್ ವೀಸಾ ಅರ್ಜಿ) ಮತ್ತು 185 ಡಾಲರ್ ಅರ್ಜಿ ಶುಲ್ಕ ಎಲ್ಲರಿಗೂ ಪ್ರತ್ಯೇಕ.

ನಮ್ಮ ಕಡೆಯವರ ಅರ್ಜಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ "ರೂಪಾ ಕೆ. ಆರ್.", ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತದೆ, ವಿವಾಹ ನೋಂದಣಿ ಪತ್ರದಲ್ಲಿ ಗಂಡನ ಹೆಸರು ಬಾಲಕ್ಕೆ ಸೇರಿರುತ್ತದೆ. ಐ-20ಗೆ ಮಾಹಿತಿ ಕಳಿಸುವಾಗ ಪಾಸ್‌ಪೋರ್ಟ್ ನೋಡಿಕೊಂಡೇ ಅಕ್ಷರ ಅಕ್ಷರ ಬರೆಯಿರಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಡಿಎಸ್-160ರಲ್ಲಿ ಇಡೀ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂದು ತುಂಬುತ್ತಾರೆ. ಅದು ವೀಸಾದ ಮೇಲೂ ಹಾಗೇ ಬರುತ್ತದೆ, ಗಾಬರಿ ಬೇಡ. ಸಾಧ್ಯವಿದ್ದರೆ ಐ-20 ಕೇಳುವ ಮುಂಚೆಯೇ ಪಾಸ್‌ಪೋರ್ಟಿಗೆ ಸರ್‌ನೇಮ್ ಸೇರಿಸಿಕೊಳ್ಳುವುದು ವಾಸಿ. ಆಮೇಲೆ ಸೇರಿಸಿದರೆ ಐ-20ಯನ್ನೂ ತಿದ್ದಿಸಬೇಕಾಗುತ್ತದೆ.

ಮದುವೆಗೆ ಪುರಾವೆ ಸಬ್‌ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರವೇ ಹೊರತು ಛತ್ರದ ರಸೀದಿಯಲ್ಲ, ದೇವಸ್ಥಾನದ ಪತ್ರವೂ ಅಲ್ಲ. ಮಗುವಿನ ಜನನ ಪತ್ರ ತೆಗೆದು ನೋಡಿ. ಆಸ್ಪತ್ರೆಯಲ್ಲಿ ಹೆಸರಿಡುವ ಮುಂಚೆ ಮಾಡಿಸಿದ್ದಾದರೆ ಹೆಸರಿನ ಜಾಗ ಖಾಲಿಯೇ ಇರುತ್ತದೆ. ಜನನ-ಮರಣ ನೋಂದಣಾಧಿಕಾರಿಯಿಂದ ಹೆಸರು ಸೇರಿಸಿ ಹೊಸ ಪ್ರತಿ ಪಡೆಯಿರಿ. ಕನ್ನಡದಲ್ಲಷ್ಟೇ ಇರುವ ಪತ್ರಕ್ಕೆ ದೃಢೀಕೃತ ಇಂಗ್ಲಿಷ್ ಅನುವಾದ ಜೊತೆಗಿರಲಿ.

2025ರ ಸೆಪ್ಟೆಂಬರ್ 2ರಿಂದ 14 ವರ್ಷದೊಳಗಿನ ಮಕ್ಕಳೂ ಸಾಮಾನ್ಯವಾಗಿ ಸಂದರ್ಶನಕ್ಕೆ ಹೋಗಬೇಕು. ಎಫ್ ಮತ್ತು ಜೆ ಅರ್ಜಿದಾರರೆಲ್ಲ ಸಾಮಾಜಿಕ ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿಡಬೇಕು. "ಅಲ್ಲಿ ಏನು ಮಾಡ್ತೀರಿ?" ಎಂದು ಸಂಗಾತಿಯನ್ನು ಕೇಳಿದಾಗ "ಕೆಲಸ ಹುಡುಕ್ತೀನಿ" ಎಂದರೆ ಎಫ್-2 ಅಲ್ಲಿಗೇ ಮುಗಿಯಿತು. ಸಾಮಾನ್ಯವಾಗಿ ಕಾಣುವ ನಿರಾಕರಣೆ 214(ಬಿ) (ಮರಳಿ ಬರುವ ಇರಾದೆ ಮನವರಿಕೆಯಾಗಲಿಲ್ಲ ಎನ್ನುವಂಥ ಕಲಂ) ಅಡಿಯದು, ಅದಕ್ಕೆ ಮೇಲ್ಮನವಿ ಇಲ್ಲ. ಹೊಸ ಶುಲ್ಕ ಕಟ್ಟಿ ಹೊಸ ಅರ್ಜಿಯೇ ಹಾಕಬೇಕು. ಹಣದ ಪುರಾವೆ ತೆಳುವಾಗಿದ್ದರೆ ವಿದ್ಯಾರ್ಥಿ ಮೊದಲ ಸೆಮಿಸ್ಟರ್‌ಗೆ ಒಬ್ಬರೇ ಹೋಗಿ, ಅಸಿಸ್ಟೆಂಟ್‌ಶಿಪ್ ಪತ್ರ ಕೈಗೆ ಬಂದ ಮೇಲೆ ಕುಟುಂಬದವರು ಅರ್ಜಿ ಹಾಕುವುದು ಒಳ್ಳೆಯದು. ವಿದ್ಯಾರ್ಥಿಗಿಂತ ಮೊದಲು ಕುಟುಂಬ ಒಳಹೋಗುವಂತಿಲ್ಲ. ಅಪ್ಪ-ಅಮ್ಮ ಈ ವೀಸಾದೊಳಗೆ ಬರುವುದೇ ಇಲ್ಲ, ಅವರಿಗೆ ಬಿ-2 ಪ್ರವಾಸಿ ವೀಸಾ.

ಇಳಿದ ವಾರದಲ್ಲೇ ಎಲ್ಲರ ಐ-94 (ಅಮೆರಿಕದೊಳಗೆ ಬಂದದ್ದರ ದಾಖಲೆ) ತೆಗೆದು ನೋಡಿ. ಎಫ್-2 ಬದಲು ಬಿ-2 ಎಂದು ದಾಖಲಾಗಿದ್ದರೆ ತಡಮಾಡದೆ ತಿದ್ದಿಸಬೇಕು. ಎಫ್-2ರವರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ (ಅಲ್ಲಿ ಕೆಲಸ, ತೆರಿಗೆಗೆ ಬಳಸುವ ಗುರುತಿನ ಸಂಖ್ಯೆ) ಸಿಗದು, ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಮಾತ್ರ ಅದನ್ನೇ ಕೇಳುತ್ತಾರೆ. ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ "ಅರ್ಹತೆ ಇಲ್ಲ" ಎಂಬ ಪತ್ರ ಬರೆಸಿಕೊಂಡು ಬಂದರೆ ಬಹಳ ರಾಜ್ಯಗಳಲ್ಲಿ ಅಷ್ಟೇ ಸಾಕಾಗುತ್ತದೆ.