‘ಎಲ್ಲದರಲ್ಲೂ ಒಂದೊಂದು ಕೋರ್ಸ್ ತಗೊಂಡ್ರೆ ಮೈನರ್ ಆಗಲ್ವಾ?’ ಅನ್ನೋ ಪ್ರಶ್ನೆಗೆ ಉತ್ತರ

ಪ್ರಶ್ನೆ: ಹ್ಯುಮಾನಿಟೀಸ್‌ನಲ್ಲಿ ಇಂಟರ್‌ಡಿಸಿಪ್ಲಿನರಿ (ಬೇರೆಬೇರೆ ವಿಷಯಗಳನ್ನ ಬೆಸೆಯೋ) ಮೈನರ್ ಮಾಡ್ಬೇಕು ಅಂತಿದೀನಿ. ಹಿಸ್ಟರಿ, ಫಿಲಾಸಫಿ, ಲಿಟರೇಚರ್, ಎಲ್ಲದರಲ್ಲೂ ಒಂದೊಂದು ತಗೊಂಡ್ರೆ ಸಾಕಲ್ವಾ?

ಸಾಲಲ್ಲ. ಪ್ರತಿ ಸೆಮಿಸ್ಟರ್ ಶುರುವಾಗೋವಾಗ ಇದೇ ಪ್ರಶ್ನೆ ಬರುತ್ತೆ, ಪ್ರತಿ ಸಲ ನಾಲ್ಕು ಸಾಲು ಬರೆದು ಸುಮ್ಮನಾಗ್ತಿದ್ದೆ, ಈ ಸಲ ಉದ್ದಕ್ಕೇ ಬರೀತೀನಿ, ಮುಂದೆ ಯಾರಾದ್ರೂ ಕೇಳಿದ್ರೆ ಇದನ್ನೇ ತೋರಿಸಿ.

ರೂಲ್ಸ್ ಬೇಗ ಮುಗಿಸ್ತೀನಿ. ಮೈನರ್ ಅಂದ್ರೆ ಡಿಗ್ರಿಯ ಮುಖ್ಯ ವಿಷಯದ (ಮೇಜರ್) ಜೊತೆ ಓದೋ ಎರಡನೇ ವಿಷಯ, ಸಾಮಾನ್ಯವಾಗಿ 5–6 ಕೋರ್ಸ್, ಒಂದೆರಡಾದ್ರೂ ಮೇಲಿನ ಹಂತದ್ದಿರುತ್ತೆ. ಮೇಜರ್‌ಗೆ ಲೆಕ್ಕ ಹಿಡಿದಿದ್ದನ್ನ ಮೈನರ್‌ಗೂ ಹಿಡೀಬಹುದಾ ಅನ್ನೋದು ಒಂದೊಂದು ಯೂನಿವರ್ಸಿಟಿಲಿ ಒಂದೊಂದು ಥರ, ಹ್ಯಾಂಡ್‌ಬುಕ್ ತೆಗೆದು ನೋಡ್ಕೊಳ್ಳಿ.

ಈಗ ಆ ಹಠಮಾರಿ ನಂಬಿಕೆಗೆ ಬರ್ತೀನಿ. ಮೂರು ಡಿಪಾರ್ಟ್‌ಮೆಂಟ್‌ಗೆ ಕಾಲಿಟ್ಟು ಬಂದ ಮಾತ್ರಕ್ಕೆ ಅದು ಇಂಟರ್‌ಡಿಸಿಪ್ಲಿನರಿ ಆಗಲ್ಲ. ಸೋಮವಾರ ಕಾದಂಬರಿ, ಬುಧವಾರ ತರ್ಕಶಾಸ್ತ್ರ, ಶುಕ್ರವಾರ ಯಾವುದೋ ರಾಜವಂಶ, ಒಂದಕ್ಕೊಂದು ಮಾತೇ ಆಡ್ಲಿಲ್ಲ ಅಂದ್ರೆ ಅವು ಅಕ್ಕಪಕ್ಕ ಇಟ್ಟ ಮೂರು ಸಬ್ಜೆಕ್ಟ್, ಅಷ್ಟೇ. ಮೊದಲು ಒಂದು ಪ್ರಶ್ನೆ ಇರ್ಬೇಕು, ಒಂದೇ ಡಿಪಾರ್ಟ್‌ಮೆಂಟ್‌ನಿಂದ ಪೂರ್ತಿ ಉತ್ತರ ಸಿಗದಂಥ ಪ್ರಶ್ನೆ.

ಉದಾಹರಣೆಗೆ ‘ಸಾಂಕ್ರಾಮಿಕ ರೋಗ ಬಂದಾಗ ಊರು ಹೇಗೆ ನಡ್ಕೊಳ್ಳುತ್ತೆ’ ಅನ್ನೋದು ನಿಮ್ಮ ಪ್ರಶ್ನೆ ಅಂತಿಟ್ಕೊಳ್ಳಿ. 1665ರ ಲಂಡನ್ ಪ್ಲೇಗ್ ಬಗ್ಗೆ ಡೇನಿಯಲ್ ಡಿಫೋ ಒಂದು ಪುಸ್ತಕ ಬರೆದ, ‘ಎ ಜರ್ನಲ್ ಆಫ್ ದ ಪ್ಲೇಗ್ ಇಯರ್’. ಕಣ್ಣಾರೆ ಕಂಡವನ ಡೈರಿ ಥರಾನೇ ಇದೆ. ಆದ್ರೆ ಅದು ಬಂದಿದ್ದು 1722ರಲ್ಲಿ, ಪ್ಲೇಗ್ ಬಂದಾಗ ಡಿಫೋಗೆ ಸುಮಾರು 5 ವರ್ಷ! ಕಾಣದೇ ಇರೋದನ್ನ ಕಂಡ ಹಾಗೆ ಯಾಕೆ ಬರೆದ ಅಂತ ಕೇಳೋದು ಲಿಟರೇಚರ್ ಕ್ಲಾಸು. ಅವನು ಕೊಡೋ ಸಾವಿನ ಲೆಕ್ಕ ಆಗ ವಾರವಾರ ಪ್ರಿಂಟ್ ಆಗ್ತಿದ್ದ ಪಟ್ಟಿಗಳದ್ದು, ಅದನ್ನ ಎಷ್ಟು ನಂಬೋದು ಅಂತ ಕೇಳೋದು ಹಿಸ್ಟರಿ. ಪ್ಲೇಗ್ ಅಂತ ಗೊತ್ತಾದ್ರೆ ಬಾಗಿಲಿಗೆ ಕೆಂಪು ಶಿಲುಬೆ ಬಳಿದು, ಕಾಯಿಲೆಯವರ ಜೊತೆ ಚೆನ್ನಾಗಿರೋರನ್ನೂ ಒಳಗೇ ಹಾಕಿ ಬೀಗ ಜಡಿದು, ಹೊರಗೆ ಕಾವಲು ನಿಲ್ಲಿಸ್ತಿದ್ರು. ಇದು ಸರೀನಾ ಅನ್ನೋದು ಫಿಲಾಸಫಿ. ಈಗ ನೋಡಿ, ಬೀಗಕ್ಕೆ ಹೆದರಿದ ಮನೆಯವರು ಕಾಯಿಲೆ ಮುಚ್ಚಿಡ್ತಾರೆ, ಮುಚ್ಚಿಟ್ರೆ ಪಟ್ಟಿಯಲ್ಲಿ ಲೆಕ್ಕ ತಪ್ಪುತ್ತೆ, ಅಂದ್ರೆ ಫಿಲಾಸಫಿಯ ಪ್ರಶ್ನೆ ಹಿಸ್ಟರಿಯ ದಾಖಲೆ ಒಳಗೇ ಕೂತಿದೆ. ಈ ಗಂಟು ಕಾಣಿಸೋಕೆ ಶುರುವಾದ ವಿದ್ಯಾರ್ಥಿಗೆ ಯಾವ ಕೋರ್ಸ್ ತಗೊಳ್ಲಿ ಅಂತ ನಾನು ಹೇಳ್ಬೇಕಾಗೇ ಇಲ್ಲ, ಅವರೇ ಹುಡುಕ್ಕೊಂಡು ಬರ್ತಾರೆ, ಅದನ್ನ ನೋಡೋದೇ ನನಗೊಂದು ಖುಷಿ.

ಪ್ಲಾನ್ ಕೊನೆಯಿಂದ ಶುರುವಿನ ಕಡೆಗೆ ಹಾಕಿ. ಕೊನೇ ಸೆಮಿಸ್ಟರ್‌ನಲ್ಲಿ ಯಾವ ಪ್ರಬಂಧ ಬರೀಬೇಕು ಅಂತ ಒಂದು ಸಾಲಲ್ಲಿ ಬರ್ಕೊಳ್ಳಿ, ಅದಕ್ಕೆ ಯಾವ ಮೇಲಿನ ಕೋರ್ಸ್ ಬೇಕು, ಅದಕ್ಕೂ ಮೊದಲು ಯಾವುದು ಮುಗಿದಿರ್ಬೇಕು ಅಂತ ಇಳೀತಾ ಬನ್ನಿ. ಕೆಲವು ಕೋರ್ಸ್ ವರ್ಷ ಬಿಟ್ಟು ವರ್ಷ ಬರುತ್ತೆ, ಟೈಮ್‌ಟೇಬಲ್ ನೋಡ್ದೇ ಕೂತು ಕೊನೇ ವರ್ಷ ಪರದಾಡಿದವರನ್ನ ತುಂಬಾ ನೋಡಿದೀನಿ.

ಯಾರೂ ಕೇಳಲ್ಲ, ಆದ್ರೆ ಕೇಳ್ಬೇಕಾದ ಇನ್ನೊಂದಿದೆ: ಭಾಷೆ. ನಿಮ್ಮ ಪ್ರಶ್ನೆಯ ಮೂಲ ಆಕರಗಳು ಪರ್ಷಿಯನ್‌ನಲ್ಲೋ ಲ್ಯಾಟಿನ್‌ನಲ್ಲೋ ಇದ್ರೆ ಓದೋವಷ್ಟು ಕಲಿಯೋಕೇ ಮೂರ್ನಾಲ್ಕು ಸೆಮಿಸ್ಟರ್ ಬೇಕು, ಅದೂ ಶುರುವಿನ ಭಾಷಾ ಕೋರ್ಸ್‌ಗಳನ್ನ ಎಷ್ಟೋ ಕಡೆ ಮೈನರ್ ಕ್ರೆಡಿಟ್‌ಗೆ ಸೇರಿಸಲ್ಲ. ಹಾಗಾಗಿ ಮೊದಲನೇ ವರ್ಷವೇ ಶುರು ಮಾಡಿ. ಮೂರನೇ ವರ್ಷ ಬಂದು ಕೇಳಿದ್ರೆ, ಅನುವಾದ ಇಟ್ಕೊಂಡು ಮಾಡೋಕಾಗೋ ಬೇರೆ ಪ್ರಶ್ನೆ ಆರಿಸ್ಕೊಳ್ಳಿ ಅನ್ನೋದು ಬಿಟ್ರೆ ನನ್ನ ಹತ್ರ ಬೇರೆ ಉತ್ತರ ಇರಲ್ಲ.