ಒಂದೇ ತಿಥಿ, ಬೇರೆ ನೆನಪು: ಸಿಖ್ ಹಬ್ಬಗಳ ಅಧ್ಯಯನ ಟಿಪ್ಪಣಿ

ಸಿಖ್ಖರ ಹಬ್ಬಗಳ ವಿಷಯಕ್ಕೆ ಬಂದಾಗ ಎರಡು ಸಿದ್ಧ ಉತ್ತರಗಳಿವೆ. ‘ಅವು ಹಿಂದೂ ಹಬ್ಬಗಳದೇ ಇನ್ನೊಂದು ರೂಪ’ ಎಂಬುದು ಒಂದು. ‘ಇವಕ್ಕೂ ಅವಕ್ಕೂ ಸಂಬಂಧವೇ ಇಲ್ಲ’ ಎಂಬುದು ಇನ್ನೊಂದು. ಎರಡರಿಂದಲೂ ಹೆಚ್ಚೇನೂ ತಿಳಿಯುವುದಿಲ್ಲ. ಆ ದಿನ ಜನ ಎಲ್ಲಿ ಸೇರುತ್ತಾರೆ, ಸೇರಿ ಏನು ಮಾಡುತ್ತಾರೆ, ಯಾರನ್ನು ನೆನೆಯುತ್ತಾರೆ ಎಂದು ಕೇಳಿಕೊಂಡರೆ ವಿಷಯ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಆರಂಭ ಗೋಯಿಂದ್‌ವಾಲ್‌ನಲ್ಲಿ. ಬಿಯಾಸ್ ನದಿಯ ದಡದ ಈ ಊರಿನಲ್ಲಿ ಮೂರನೆಯ ಗುರು ಅಮರದಾಸರು ನೆಲೆಸಿದ್ದರು; ಅವರು ಗುರುವಾಗಿದ್ದದ್ದು 1552ರಿಂದ 1574ರವರೆಗೆ. ವೈಶಾಖಿ ಮತ್ತು ದೀಪಾವಳಿಗೆ ಅನುಯಾಯಿಗಳೆಲ್ಲ ತಮ್ಮಲ್ಲಿಗೇ ಬರಬೇಕೆಂದು ಅವರು ಹೇಳಿಕಳುಹಿಸಿದರು. ಹೊಸ ದಿನವೊಂದನ್ನು ಹುಟ್ಟುಹಾಕುವ ಗೋಜಿಗೆ ಹೋಗಲಿಲ್ಲ. ಜನ ಹೇಗೂ ಕೆಲಸ ಬಿಟ್ಟು ಹೊರಡುವ ದಿನವನ್ನೇ ಆರಿಸಿಕೊಂಡು, ಹೋಗುವ ಜಾಗವನ್ನು ಬದಲಿಸಿದರು. ಅಲ್ಲಿಗೆ ಬಂದವರು ಮೊದಲು ಲಂಗರಿನ (ಸಾಮೂಹಿಕ ಊಟದ) ಪಂಕ್ತಿಯಲ್ಲಿ ಜಾತಿ ನೋಡದೆ ಒಟ್ಟಿಗೆ ಕುಳಿತು ಉಣ್ಣಬೇಕು, ಗುರುವಿನ ದರ್ಶನ ಆಮೇಲೆ. ನನ್ನ ಮಟ್ಟಿಗೆ ಈ ಟಿಪ್ಪಣಿಯ ತಿರುಳು ಇಷ್ಟೇ. ಮುಂದಿನವೆಲ್ಲ ಇದರ ವಿಸ್ತರಣೆ.

ದೀಪಾವಳಿಯನ್ನು ನೋಡಿ. ಆರನೆಯ ಗುರು ಹರಗೋಬಿಂದರನ್ನು ಜಹಾಂಗೀರ್ ಗ್ವಾಲಿಯರ್ ಕೋಟೆಯಲ್ಲಿ ಸೆರೆಯಿಟ್ಟಿದ್ದ. ಬಿಡುಗಡೆಯ ಆಜ್ಞೆ ಬಂದಾಗ, ಜೊತೆಯಲ್ಲಿದ್ದ 52 ಮಂದಿ ಅರಸರನ್ನು ಬಿಟ್ಟು ತಾನೊಬ್ಬನೇ ಹೋಗುವುದಿಲ್ಲ ಎಂದು ಗುರು ಪಟ್ಟು ಹಿಡಿದರಂತೆ. ‘ನಿಮ್ಮ ನಿಲುವಂಗಿ ಹಿಡಿದುಕೊಳ್ಳಬಲ್ಲಷ್ಟು ಜನ ಹೊರಡಬಹುದು’ ಎಂಬ ಷರತ್ತು ಬಂತು. ಗುರು 52 ಕುಚ್ಚುಗಳಿರುವ ಅಂಗಿ ಹೊಲಿಸಿದರು. ಅವರು ಅಮೃತಸರಕ್ಕೆ ಮರಳಿದ್ದು ದೀಪಾವಳಿಯ ದಿನ ಎನ್ನುತ್ತದೆ ಸಿಖ್ ಪರಂಪರೆ. ಅದಕ್ಕೇ ಆ ದಿನಕ್ಕೆ ಬಂದಿ ಛೋಡ್ ದಿವಸ್, ಬಂದಿಗಳ ಬಿಡುಗಡೆಯ ದಿನ, ಎಂಬ ಹೆಸರು. ಹರ್‌ಮಂದಿರ ಸಾಹಿಬ್‌ನ, ಅಂದರೆ ಸ್ವರ್ಣಮಂದಿರದ, ಸರೋವರದ ಸುತ್ತ ಹಣತೆ ಹಚ್ಚುತ್ತಾರೆ, ಪಟಾಕಿಯೂ ಉಂಟು. ಹೊರಗಿನಿಂದ ನೋಡಿದವರಿಗೆ ನಮ್ಮದೇ ದೀಪಾವಳಿ. ಆದರೆ ಅಲ್ಲಿ ಲಕ್ಷ್ಮೀಪೂಜೆ ಇಲ್ಲ, ನರಕಾಸುರನ ಮಾತಿಲ್ಲ.

ಇದೇ ಹಬ್ಬಕ್ಕೆ ಇನ್ನೊಂದು ನೆನಪು ಅಂಟಿಕೊಂಡಿದೆ. ಪಠ್ಯಗಳು ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಡುವುದು ನನಗೆ ಸರಿ ಕಾಣುವುದಿಲ್ಲ. 1730ರ ದಶಕದಲ್ಲಿ ಅಮೃತಸರದಲ್ಲಿ ಸಿಖ್ಖರು ಗುಂಪು ಸೇರಲು ಮೊಘಲ್ ಆಡಳಿತದ ಅಡ್ಡಿಯಿತ್ತು. ಹರ್‌ಮಂದಿರದ ಗ್ರಂಥಿ (ಧರ್ಮಗ್ರಂಥ ಪಠಿಸುವವರು) ಭಾಯಿ ಮಣಿ ಸಿಂಗರು ಲಾಹೋರಿನ ಸುಬೇದಾರ (ಪ್ರಾಂತಾಧಿಪತಿ) ಜಕಾರಿಯಾ ಖಾನನಿಂದ, ಹಣ ಕಟ್ಟುವ ಕರಾರಿನ ಮೇಲೆ, ದೀಪಾವಳಿ ಕೂಟಕ್ಕೆ ಅನುಮತಿ ಪಡೆದರು. ಸೇರಿದವರ ಮೇಲೆ ಸೈನ್ಯ ಬೀಳಲಿದೆ ಎಂಬ ಸುಳಿವು ಸಿಕ್ಕಾಗ ಯಾರೂ ಬರಬೇಡಿ ಎಂದು ತಾವೇ ತಡೆದರು. ಜನ ಬರಲಿಲ್ಲ, ಕಾಣಿಕೆ ಬೀಳಲಿಲ್ಲ, ಹಣ ಕಟ್ಟಲಾಗಲಿಲ್ಲ. ಲಾಹೋರಿನಲ್ಲಿ ಅವರ ದೇಹವನ್ನು ಕೀಲುಕೀಲಾಗಿ ಕತ್ತರಿಸಿದರು. ಕಟುಕನು ಮಣಿಕಟ್ಟಿಗೆ ಕತ್ತಿ ಎತ್ತಿದಾಗ, ‘ಕೀಲು ಶುರುವಾಗುವುದು ಬೆರಳಿನಿಂದ’ ಎಂದು ಅವರೇ ತೋರಿಸಿಕೊಟ್ಟರೆಂದು ಹೇಳುತ್ತಾರೆ. ಹಬ್ಬಕ್ಕೆ ಸೇರುವುದೇ ಪ್ರಾಣದ ಪ್ರಶ್ನೆಯಾಗಿದ್ದ ಸಮುದಾಯದಲ್ಲಿ ದೀಪ ಹಚ್ಚುವುದಕ್ಕೆ ಬೇರೆಯದೇ ತೂಕವಿರುತ್ತದೆ.

ಹೋಲಾ ಮೊಹಲ್ಲಾದ ಕಥೆ ಇಷ್ಟು ಭಾರದ್ದಲ್ಲ. ಹೋಳಿಯ ಮರುದಿನ ಆನಂದಪುರ ಸಾಹಿಬ್‌ನಲ್ಲಿ ಸೈನಿಕ ಅಭ್ಯಾಸ ನಡೆಸುವ ಪದ್ಧತಿಯನ್ನು ಹತ್ತನೆಯ ಗುರು ಗೋಬಿಂದ ಸಿಂಗರು 1701ರ ಸುಮಾರಿಗೆ ಆರಂಭಿಸಿದರು. ಇಂದಿಗೂ ನೀಲಿ ಉಡುಪಿನ, ಸಿಖ್ ಯೋಧಪಂಥದ ನಿಹಂಗರು ಚರಣಗಂಗಾ ಬಯಲಿನಲ್ಲಿ ಎರಡು ಕುದುರೆಗಳ ಮೇಲೆ ಒಂದೊಂದು ಕಾಲಿಟ್ಟು ನಿಂತು ಓಡಿಸುತ್ತಾರೆ, ಕೋಲು-ಕತ್ತಿಗಳ ಕಾಳಗವಾದ ಗತ್ಕಾ ಆಡುತ್ತಾರೆ. ಬಣ್ಣ ಎರಚುವುದೂ ಇದೆ. ಮಕರ ಸಂಕ್ರಾಂತಿಯ ಹೊತ್ತಿನ ಮಾಘಿಯದೂ ಇದೇ ಜಾಡು: ಮುಕ್ತ್‌ಸರದಲ್ಲಿ ಅಂದು ನೆನೆಯುವುದು ಗುರು ಗೋಬಿಂದರನ್ನು ತೊರೆದು ಹೋಗಿ, 1705ರಲ್ಲಿ ಮರಳಿ ಬಂದು ಹೋರಾಡಿ ಮಡಿದ ನಲವತ್ತು ಮಂದಿಯನ್ನು.

ವೈಶಾಖಿ ಎಂದರೆ ಮೇಷ ಸಂಕ್ರಮಣ. ತುಳುನಾಡಿನವರು ಬಿಸು ಆಚರಿಸುವುದೂ ಆಗಲೇ. ಪಂಜಾಬಿನಲ್ಲಿ ಅದು ಮೊದಲಿನಿಂದ ಗೋಧಿ ಕೊಯ್ಲಿನ ಹಬ್ಬ. 1699ರ ವೈಶಾಖಿಯಂದು ಗುರು ಗೋಬಿಂದರು ಆನಂದಪುರದಲ್ಲಿ ದೀಕ್ಷೆ ಪಡೆದ ಸಿಖ್ಖರ ಪಂಥವಾದ ಖಾಲ್ಸಾ ಸ್ಥಾಪಿಸಿದರು. ತಲೆ ಕೊಡುವವರು ಯಾರು ಎಂದು ಗುರು ಕೇಳಿದಾಗ ಮುಂದೆ ಬಂದ ಐವರಲ್ಲಿ ಐದನೆಯವರು ಭಾಯಿ ಸಾಹಿಬ್ ಸಿಂಗ್, ನಮ್ಮ ಬೀದರಿನವರು, ಕ್ಷೌರಿಕ ವೃತ್ತಿಯವರು. ಉಳಿದವರು ಲಾಹೋರ್, ಹಸ್ತಿನಾಪುರ, ಪುರಿ, ದ್ವಾರಕೆಯಿಂದ ಬಂದವರು. ಹಬ್ಬದ ಜಾತ್ರೆ ಇಲ್ಲದಿದ್ದರೆ ಇಷ್ಟು ಜನ ಒಂದೆಡೆ ಎಲ್ಲಿ ಸಿಗುತ್ತಿದ್ದರು?

ಎಲ್ಲ ಕಡೆಯೂ ಗೆರೆ ಇಷ್ಟು ಸ್ಪಷ್ಟವಾಗಿದೆ ಎಂದುಕೊಳ್ಳಬೇಡಿ. ಆಕಾಶವೇ ತಟ್ಟೆ, ಸೂರ್ಯಚಂದ್ರರೇ ದೀಪ ಎಂದು ಗುರು ನಾನಕರು ಹಾಡಿದ ಆರತಿಯನ್ನು ಅಮೃತಸರದಲ್ಲಿ ದೀಪವಿಲ್ಲದೆ ಹಾಡುತ್ತಾರೆ. ಬೀದರಿಗೆ ಹತ್ತಿರದ ನಾಂದೇಡದ ಹಜೂರ್ ಸಾಹಿಬ್ ಗುರುದ್ವಾರದಲ್ಲಿ ದೀಪ ಬೆಳಗಿಯೇ ಹಾಡುತ್ತಾರೆ. ದಸರೆಯ ಮೆರವಣಿಗೆಯೂ ಅಲ್ಲಿ ದೊಡ್ಡದು. 1873ರಲ್ಲಿ ಶುರುವಾದ, ಸಿಖ್ ಸುಧಾರಣೆಯ ಸಿಂಗ್ ಸಭಾ ಚಳವಳಿ ಇಂಥ ಬೆರಕೆಯನ್ನು ಒಪ್ಪಲಿಲ್ಲ. 1905ರಲ್ಲಿ ಹರ್‌ಮಂದಿರದ ಆವರಣದಿಂದ ದೇವರ ಮೂರ್ತಿಗಳನ್ನು ತೆಗೆಸಲಾಯಿತು.

ಉಳಿದದ್ದು ಪಂಚಾಂಗದ ಜಗಳ. ಹಿಂದೂಗಳು ಬಳಸುವ ಬಿಕ್ರಮಿ ಪಂಚಾಂಗದ ಬದಲು ಪಾಲ್ ಸಿಂಗ್ ಪುರೇವಾಲರು ರೂಪಿಸಿದ ಸೌರಮಾನದ ನಾನಕ್‌ಶಾಹಿಯನ್ನು ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ 2003ರಲ್ಲಿ ಜಾರಿಗೆ ತಂದಿತು. ಗುರುಪರಬ್‌ಗಳಿಗೆ (ಗುರುಗಳನ್ನು ನೆನೆಯುವ ದಿನಗಳಿಗೆ) ಸ್ಥಿರ ದಿನಾಂಕ ಬಂತು. ಆದರೆ ಮೂರನ್ನು ಹಳೆಯ ಚಾಂದ್ರಮಾನಕ್ಕೇ ಬಿಟ್ಟರು: ಬಂದಿ ಛೋಡ್ ದಿವಸ್, ಹೋಲಾ ಮೊಹಲ್ಲಾ, ಮತ್ತು ಕಾರ್ತೀಕ ಹುಣ್ಣಿಮೆಯ ನಾನಕ್ ಜಯಂತಿ. ಮೊದಲೆರಡು ಹಿಂದೂ ಹಬ್ಬಗಳಿಗೆ ತಾಗಿಕೊಂಡೇ ಬರುವಂಥವು ಎಂಬುದನ್ನು ಗುರುತಿಸಿಕೊಳ್ಳಿ. 2010ರಲ್ಲಿ ತಿದ್ದುಪಡಿಯಾಗಿ ಇನ್ನಷ್ಟು ದಿನಗಳು ಬಿಕ್ರಮಿಗೆ ಮರಳಿದವು; ಮೂಲ ನಾನಕ್‌ಶಾಹಿಯನ್ನು ಬಿಡದವರೂ ಇದ್ದಾರೆ. ಅವರಿಗೆ ಗುರು ಗೋಬಿಂದ ಸಿಂಗರ ಜಯಂತಿ ಪ್ರತಿ ವರ್ಷ ಜನವರಿ 5. ಪುಷ್ಯ ಶುದ್ಧ ಸಪ್ತಮಿಯನ್ನು ಹಿಡಿದವರಿಗೆ ಅದು 2017ರಲ್ಲಿ ಎರಡು ಸಲ ಬಂತು, 2018ರಲ್ಲಿ ಬರಲೇ ಇಲ್ಲ.